ಕೊಟ್ಟಿಗೆಯಲ್ಲಿ ಕವಿಗೋಷ್ಠಿ

ಹೋದ ವರ್ಷ ನಮ್ಮ ಸೀಮೆಯ ಹಳೆಯ ಪೇಟೆಯೊಂದರ ತೊಟ್ಟಿಮನೆಯಲ್ಲಿ ಕವಿಗೋಷ್ಠಿ ಇತ್ತು. ನಮ್ಮನ್ನೂ ಕರೆದಿದ್ದರು. ಮನೆ ನೂರು ವರ್ಷ ದಾಟಿದ್ದು. ಹಿಂದೆ ಜೋಡಿದಾರರದು. ಈಗ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿ, ರಿಪೇರಿಯಾಗಿ, ದುಡ್ಡಿದ್ದವರು ಬಂದು ರಾತ್ರಿ ತಂಗುವ ಮನೆಯಾಗಿದೆ. ಗೋಷ್ಠಿ ನಡೆದ ಉದ್ದನೆಯ ಕೋಣೆಗೆ ಒಂದು ಚಂದದ ಸಂಸ್ಕೃತ ಹೆಸರಿಟ್ಟಿದ್ದರು. ಕಲ್ಲುಹಾಸಿನ ನೆಲ, ಸುಣ್ಣದ ಗೋಡೆ, ತಲೆಗೆ ತಾಗುವಷ್ಟು ತಗ್ಗಿನ ತೊಲೆ. ಗೋಡೆಯುದ್ದಕ್ಕೂ ಕಬ್ಬಿಣದ ಬಳೆಗಳು. ಆ ಬಳೆಗಳಿಗೆ ಸೇವಂತಿಗೆ ಹಾರ ಸಿಕ್ಕಿಸಿದ್ದರು. ನಾವು ಅಲ್ಲಿ ನಿಂತು ಪದ್ಯ ಓದಿದೆವು. ಶಾಲು ಹೊದಿಸಿದರು. ಬಸ್ಸು ಹತ್ತಿ ಊರಿಗೆ ಬಂದೆವು.

ಅಜ್ಜಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆವು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಇದು ಕೊಟ್ಟಿಗೆ ಕಣ್ಲಾ ಮಗ. ಈ ಬಳೆಗೇ ಎತ್ತು ಕಟ್ತಿದ್ದುದ್ದು. ಇಲ್ಲೇನ್ಲಾ ಮಾಡ್ತಿದ್ದೆ ನೀನು?"

ಪದ್ಯ ಓದೋಕೆ ಕರೆದಿದ್ರು, ಈಗ ಅಲ್ಲಿ ಜನ ಬಂದು ದುಡ್ಡು ಕೊಟ್ಟು ಮಲಗ್ತಾರೆ ಅಂದೆವು.

"ಕೊಟ್ಟಿಗೇಲಿ ಮಲಗಕ್ಕೆ ದುಡ್ಡಾ?" ಅಂದಳು. ಎಷ್ಟು ಅಂತ ಹೇಳಿದೆವು. ಅಜ್ಜಿ ನಗಲಿಲ್ಲ. "ನಿಮ್ಮ ತಾತ ಹನ್ನೊಂದು ವರ್ಷ ಅಲ್ಲೇ ದನಗೋಳ್ ಜತೇಲಿ ಮಲಗವ್ನೆ. ಅವನ್ನ ಯಾರೂ ದುಡ್ಡು ಕೇಳ್ನಿಲ್ಲ. ಅವನಿಗೆ ಯಾರೂ ಕೊಡ್ನೂ ಇಲ್ಲ."

ತಾತ ಆ ಮನೆಯಲ್ಲಿ ಜೀತಕ್ಕಿದ್ದವನು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂದ ಮೇಲೆ ಹೊರಗೆ ಬಂದ. ಇಷ್ಟು ನಮಗೆ ಗೊತ್ತಿತ್ತು. ಯಾವ ಗೋಡೆಯ ಪಕ್ಕ ಮಲಗುತ್ತಿದ್ದ ಅನ್ನುವುದು ಗೊತ್ತಿರಲಿಲ್ಲ. ಆ ಗೋಡೆಗೆ ಬೆನ್ನು ಕೊಟ್ಟು ಪದ್ಯ ಓದಿ ಬಂದಿದ್ದೆವು.

ಪದ್ಯವನ್ನು ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮನೆಯನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಹಳೆಯ ಮನೆಯನ್ನು ಉಳಿಸಿ ಹೊಸ ಬಳಕೆಗೆ ಒಗ್ಗಿಸುವ ಕೆಲಸ ಈಗ ಎಲ್ಲ ಊರುಗಳಲ್ಲೂ ನಡೆದಿದೆ. ಅದರ ಬಗ್ಗೆ ಬರುವುದೆಲ್ಲ ಬಣ್ಣದ ಚಿತ್ರ ಮತ್ತು ಹೊಗಳಿಕೆ. ಈ ಮನೆಯನ್ನು ನಾವು ಒಂದು ಕೃತಿಯ ಹಾಗೆ ಓದಲು ಹೊರಟಿದ್ದೇವೆ.

1

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇವೆ. ರಿಪೇರಿ ಕೆಲಸ ಚೆನ್ನಾಗಿದೆ. ಹಿಂದೆ ಯಾರೋ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದ್ದರಂತೆ. ಅದನ್ನೆಲ್ಲ ಕಿತ್ತು ಮತ್ತೆ ಸುಣ್ಣದ ಗಾರೆ ಹಾಕಿದ್ದಾರೆ. ಇದು ಬರೀ ಅಂದಕ್ಕೆ ಮಾಡಿದ್ದಲ್ಲ. ಮಣ್ಣು-ಸುಣ್ಣದ ಗೋಡೆ ನೆಲದ ತೇವವನ್ನು ಹೀರುತ್ತೆ, ಹಾಗೇ ಗಾಳಿಗೂ ಬಿಡುತ್ತೆ. ಅದರ ಮೇಲೆ ಸಿಮೆಂಟು ಬಿದ್ದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ. ಉಪ್ಪು ಹೊಡೆದು ಗಾರೆ ಉದುರುತ್ತೆ, ಒಳಗಿನ ಮಣ್ಣು ಸವೆಯುತ್ತೆ. ತೊಲೆಗಳ ಕೊಳೆತ ತುದಿಯನ್ನು ಮಾತ್ರ ಕತ್ತರಿಸಿ ಹೊಸ ಮರ ಜೋಡಿಸಿದ್ದಾರೆ, ಇಡೀ ತೊಲೆ ಬಿಸಾಕಿಲ್ಲ. ನಾಲ್ಕು ಕಡೆಯ ಸೂರಿನ ನೀರು ತೊಟ್ಟಿಗೆ ಬಿದ್ದು ಅಲ್ಲಿಂದ ನೆಲದಡಿಯ ತೊಟ್ಟಿಗೆ ಹೋಗುತ್ತೆ. ಬಿಸಿಗಾಳಿ ತೊಟ್ಟಿಯ ಬಾಯಿಂದ ಮೇಲೆ ಏರಿಹೋಗುವುದರಿಂದ ಫ್ಯಾನಿಲ್ಲದೆಯೂ ಪಡಸಾಲೆ ತಂಪಾಗಿದೆ. ಸೋಲಾರ್ ಫಲಕಗಳನ್ನು ಬೀದಿಗೆ ಕಾಣದ ಹಾಗೆ ಹಿಂದಿನ ಮಾಡಿನ ಮೇಲೆ ಕೂರಿಸಿದ್ದಾರೆ. ಹೊಸ ಬಚ್ಚಲುಗಳಿಗೆ ಬೇರೆ ಗೋಡೆ ಎಬ್ಬಿಸಿ, ಹಳೆಯ ಗೋಡೆಗೆ ನೀರು ತಾಗದ ಹಾಗೆ ನೋಡಿಕೊಂಡಿದ್ದಾರೆ.

ಇದನ್ನು ಈಗ 'ಸುಸ್ಥಿರ' ಅನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಪ್ರಪಂಚದಲ್ಲಿ ಮನುಷ್ಯ ಹೊರಕ್ಕೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7-8ರಷ್ಟು ಸಿಮೆಂಟೊಂದರಿಂದಲೇ ಬರುತ್ತದೆ. ಸಿಮೆಂಟಿನ ಗೂಡು ಸುಮಾರು 1450 ಡಿಗ್ರಿ ಕಾಯಬೇಕು, ಸುಣ್ಣಕ್ಕೆ 900 ಸಾಕು. ಸುಣ್ಣ ಗಟ್ಟಿಯಾಗುತ್ತಾ ಸುಡುವಾಗ ಬಿಟ್ಟ ಅನಿಲದ ಒಂದು ಪಾಲನ್ನು ಗಾಳಿಯಿಂದ ವಾಪಸ್ಸು ಎಳೆದುಕೊಳ್ಳುತ್ತದೆ. ನಿಂತಿರುವ ಗೋಡೆಯನ್ನು ಕೆಡವಿ ಕಾಂಕ್ರೀಟು ಸುರಿಯುವುದಕ್ಕಿಂತ ಇರುವುದನ್ನು ಇಟ್ಟುಕೊಂಡು ಬಾಳುವುದು ಬುದ್ಧಿವಂತಿಕೆ. ಭೂಮಿ ಬಿಸಿಯಾದರೆ ಮೊದಲು ಬೇಯುವವರು ಶೀಟಿನ ಮನೆಯವರು. ಆದ್ದರಿಂದ ಈ ಲೆಕ್ಕ ನಮ್ಮದೂ ಹೌದು.

ನಮಗೆ ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಕೇರಿಯಲ್ಲಿ ಯಾವ ಮನೆಯ ಬಾಗಿಲೂ ಆ ಮನೆಗೆ ಅಂತ ಮಾಡಿದ್ದಲ್ಲ. ಎಲ್ಲೋ ಬಿದ್ದ ಮನೆಯ ಚೌಕಟ್ಟು, ಯಾರೋ ತೆಗೆದುಹಾಕಿದ ಹೆಂಚು, ಶಾಲೆಯ ಹಳೇ ಕಿಟಕಿ. ನಾವು ಮಾಡಿದಾಗ ಅದರ ಹೆಸರು ಬಡತನ. ಅವರು ಮಾಡಿದಾಗ ಅದರ ಹೆಸರು ಪರಂಪರೆ.

2

ಕೋಣೆಯ ಮೇಜಿನ ಮೇಲೆ ಆ ಮನೆಯ ಬಗ್ಗೆ ಒಂದು ಪುಸ್ತಿಕೆ ಇತ್ತು. ಕಟ್ಟಿಸಿದವರ ಹೆಸರು, ಅವರ ಮಕ್ಕಳು ಮೊಮ್ಮಕ್ಕಳ ಹೆಸರು, ಈಗ ರಿಪೇರಿ ಮಾಡಿಸಿದ ವಾಸ್ತುಶಿಲ್ಪಿಯ ಹೆಸರು ಅದರಲ್ಲಿತ್ತು. ತೇಗ, ಹೊನ್ನೆ, ಹಲಸು ಅಂತ ಮರಗಳ ಹೆಸರೂ ಇತ್ತು. ಆ ಮನೆಗಾಗಿ ದುಡಿದ ಒಬ್ಬ ಮನುಷ್ಯನ ಹೆಸರಾಗಲಿ, ಜಾತಿಯ ಹೆಸರಾಗಲಿ ಇರಲಿಲ್ಲ. ಮರಕ್ಕೆ ಸಿಕ್ಕ ಮರ್ಯಾದೆ ಮನುಷ್ಯನಿಗೆ ಸಿಗಲಿಲ್ಲ.

ಮನೆ ತನ್ನಷ್ಟಕ್ಕೆ ತಾನೇ ಎದ್ದು ನಿಲ್ಲುವುದಿಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡಬೇಕು. ಸುಟ್ಟದ್ದಕ್ಕೆ ನೀರು ಹಾಕಿ ಅರಳಿಸಬೇಕು. ಅರಳುವಾಗ ಅದು ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತದೆ. ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾರೆ ಗಾಣದಲ್ಲಿ ಅರೆಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಬೇಕು. ನಮ್ಮ ಕಡೆ ಮದ್ರಾಸ್ ತಾರಸಿ ಅನ್ನುತ್ತಾರಲ್ಲ, ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಕಟ್ಟುವುದು, ಅದರ ಮೇಲೆ ಸುರಿದ ಸುಣ್ಣದ ಗಾರೆಯನ್ನು ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯಬೇಕು. ಬಡಿದಷ್ಟೂ ತಾರಸಿ ಸೋರುವುದಿಲ್ಲ. ಈ ಕೆಲಸಗಳಿಗೆ ಈ ನಾಡಿನಲ್ಲಿ ಜಾತಿಗಳೇ ಇದ್ದವು. ಕಲ್ಲು ಒಡೆದವರು ವಡ್ಡರು. ಸುಣ್ಣ, ಗಾರೆ ಉಪ್ಪಾರರದು. ಇಟ್ಟಿಗೆಗೆ ಮಣ್ಣು ತುಳಿದವರು, ಪಾಯ ತೋಡಿದವರು, ದೂರದಿಂದ ನೀರು ಹೊತ್ತವರು ನಮ್ಮ ಹೊಲೆಮಾದಿಗರ ಕೇರಿಯವರು. ಕಟ್ಟುವ ತನಕ ಗೋಡೆಯನ್ನು ಮುಟ್ಟಬಹುದಾಗಿತ್ತು. ಗೃಹಪ್ರವೇಶ ಆದ ಮೇಲೆ ಮುಟ್ಟುವಂತಿರಲಿಲ್ಲ.

ಮಂಗಳೂರು ಹೆಂಚಿನ ಮಾತೂ ಇದೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಮತಾಂತರವಾಗಿ, ಜಾತಿಯಿಂದಲೂ ಕಸುಬಿನಿಂದಲೂ ಹೊರಗೆ ಬಿದ್ದವರಿಗೆ ಅನ್ನ ಹುಡುಕಿಕೊಡಬೇಕಾದ ಒತ್ತಡ ಮಿಷನ್ನಿನ ಮೇಲಿತ್ತು. ಅವರ ಕಾರ್ಖಾನೆಗಳು ಎದ್ದದ್ದರ ಹಿಂದಿನ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಹಾಗೆ ಹೊರಗೆ ಬಿದ್ದವರ ಕೈ ಒತ್ತಿದ ಹೆಂಚು, ಒಳಗೆ ಬಿಡದವರ ತಲೆ ಕಾದಿತು. ಈ ಚರಿತ್ರೆ ಯಾವ ಪುಸ್ತಿಕೆಯಲ್ಲಿದೆ?

ಇದು ಹಳೇ ಕತೆ ಅನ್ನುವವರಿಗೆ ಹೊಸ ಕತೆಯೊಂದನ್ನು ಹೇಳುತ್ತೇವೆ. ಗೋಷ್ಠಿಯ ದಿನವೂ ಆ ಮನೆಯ ಹಿತ್ತಲ ಗೋಡೆಗೆ ಇಬ್ಬರು ಗಾರೆ ಮೆತ್ತುತ್ತಿದ್ದರು. ಊಟದ ಹೊತ್ತಿಗೆ ಹೋಗಿ ಮಾತಾಡಿಸಿದೆವು. ಎಷ್ಟು ಕೊಡ್ತಾರಣ್ಣ ಅಂದೆವು. "ಸಿಮೆಂಟಿನ ಕೆಲಸದೋರಿಗೆ ಏನು ಕೊಡ್ತಾರೋ ಅದೇ. ನಮ್ದು ಕೈ ಸುಡೋದು ಮಾತ್ರ ಜಾಸ್ತಿ" ಅಂದರು. ಪುಸ್ತಿಕೆಯಲ್ಲಿ 'ಅಪರೂಪದ ಪಾರಂಪರಿಕ ಕೌಶಲ', ಹಾಜರಿ ಪುಸ್ತಕದಲ್ಲಿ ದಿನಗೂಲಿ. ಕೌಶಲ ಅಪರೂಪದ್ದಾದರೆ ಕೂಲಿಯೂ ಅಪರೂಪದ್ದಾಗಬೇಕಲ್ಲವೆ? ಸುಣ್ಣ ಅರಳಿಸುವವನ ಮಗ ಸುಣ್ಣ ಬಿಟ್ಟು ಓಡಿಹೋದರೆ ತಪ್ಪು ಯಾರದು? ಅವನ ಕೆಲಸ ಉಳಿಯದೆ ಈ ಮನೆ ಉಳಿಯುವುದಿಲ್ಲ. ಸುಸ್ಥಿರ ಅನ್ನುವವರು ಈ ಲೆಕ್ಕವನ್ನೂ ಹಾಕಲಿ.

3

ಇನ್ನು ಮನೆಯ ನಕ್ಷೆ. ಯಾವ ಮನೆಯ ನಕ್ಷೆಯೂ ಮುಗ್ಧವಲ್ಲ. ಜಗಲಿ, ಪಡಸಾಲೆ, ನಡುಮನೆ, ದೇವರ ಕೋಣೆ, ಅಡಿಗೆ ಮನೆ ಎಂಬ ಈ ಸಾಲು ಯಾರು ಎಲ್ಲಿಯ ತನಕ ಬರಬಹುದು ಅನ್ನುವುದರ ಸಾಲು. ಒಕ್ಕಲಿನವನು ಜಗಲಿಯ ತನಕ, ನೆಂಟ ಪಡಸಾಲೆಯ ತನಕ, ಸ್ವಂತ ಜಾತಿಯವನು ನಡುಮನೆಯ ತನಕ. ಮುಟ್ಟಾದ ಹೆಂಗಸಿಗೆ ಹಿಂದೊಂದು ಮೂಲೆ. ನಮ್ಮವರಿಗೆ ಈ ಸಾಲೇ ಇಲ್ಲ. ನಮ್ಮದು ಹಿತ್ತಲ ಬಾಗಿಲು, ಅಲ್ಲಿಂದ ಕೊಟ್ಟಿಗೆ. ಕೂಲಿಯ ರಾಗಿಯನ್ನು ಅಲ್ಲೇ ಮೊರದಿಂದ ಸೆರಗಿಗೆ ಮೇಲಿನಿಂದ ಸುರಿಯುತ್ತಿದ್ದರಂತೆ.

ಹಿತ್ತಲ ಗೋಡೆಯಲ್ಲಿ ನೆಲದ ಮಟ್ಟಕ್ಕೆ ಒಂದು ಕಿಂಡಿ ಇದೆ. ಈಗ ಕಲ್ಲು ಇಟ್ಟು ಮುಚ್ಚಿ ಬಳ್ಳಿ ಹಬ್ಬಿಸಿದ್ದಾರೆ. ಅದೇನೆಂದು ಅಲ್ಲಿದ್ದ ಹುಡುಗನನ್ನು ಕೇಳಿದೆವು, ಗಾಳಿಗೆ ಬಿಟ್ಟದ್ದಿರಬೇಕು ಸಾರ್ ಅಂದ. ಗಾಳಿಗಲ್ಲ. ಕಕ್ಕಸಿನ ಮಲವನ್ನು ಹೊರಗಿನಿಂದಲೇ ಬಾಚಿಕೊಳ್ಳಲು ಬಿಟ್ಟ ಕಿಂಡಿ ಅದು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟದ್ದೂ ಇದಕ್ಕೇ. ಮುಂದಿನ ಬೀದಿಗೆ ಕಾಣದ ಹಾಗೆ ಬಂದು ಹೊತ್ತುಕೊಂಡು ಹೋಗುವವರ ದಾರಿ. 1970ರ ದಶಕದ ಮೊದಲ ವರ್ಷಗಳಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಕಾಯಿದೆ ಬರಲು 1993 ಆಗಬೇಕಾಯಿತು, ಅದು ಸಾಲದೆ 2013ರಲ್ಲಿ ಇನ್ನೊಂದು ಬಂತು. ಈ ಇಡೀ ಚರಿತ್ರೆ ಒಂದು ಅಡಿ ಅಗಲದ ಆ ಕಿಂಡಿಯಲ್ಲಿದೆ. ಅದರ ಮೇಲೆ ಬಳ್ಳಿ.

ನಮ್ಮ ಆರೋಪ ಇಷ್ಟೆ. ರಿಪೇರಿ ಮಾಡಿದವರು ಗೋಡೆಗೆ ಪ್ರಾಮಾಣಿಕರಾಗಿದ್ದಾರೆ, ಚರಿತ್ರೆಗೆ ಆಗಿಲ್ಲ. ಯಾವ ಗಾರೆಗೆ ಯಾವ ಮರಳು ಅಂತ ಪರೀಕ್ಷೆ ಮಾಡಿದವರು, ಕೊಟ್ಟಿಗೆಯಲ್ಲಿ ಯಾರು ಮಲಗುತ್ತಿದ್ದರು ಅಂತ ಕೇಳಲಿಲ್ಲ. ಕೇಳಲು ದೂರ ಹೋಗಬೇಕಿರಲಿಲ್ಲ. ಅಜ್ಜಿ ಇನ್ನೂ ಬದುಕಿದ್ದಾಳೆ.

'ಹಳೆಯದನ್ನು ಬದಲಿಸುವಂತಿಲ್ಲ' ಅಂತ ಅವರು ಹೇಳಬಹುದು. ಆದರೆ ಬದಲಿಸಿದ್ದೀರಲ್ಲ! ಕಣಜದ ಕೋಣೆ ಬಚ್ಚಲಾಗಿದೆ, ಕೊಟ್ಟಿಗೆ ಸಭಾಂಗಣವಾಗಿದೆ, ಮಾಡಿನ ಮೇಲೆ ಸೋಲಾರ್ ಬಂದಿದೆ. ಹೊಸ ಬಳಕೆಗೆ ಒಗ್ಗಿಸುವುದು ಅಂದರೇ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದು. ಆರಿಸಿದವರು ನೀವು. ಬಿಟ್ಟಿದ್ದು ನಮ್ಮನ್ನು.

ನಮ್ಮ ಗೆಳೆಯರಲ್ಲೇ ಕೆಲವರು, "ಇಂಥ ಮನೆಗಳನ್ನು ಯಾಕಪ್ಪಾ ಉಳಿಸಬೇಕು? ಬಿದ್ದುಹೋಗಲಿ" ಅನ್ನುತ್ತಾರೆ. ಸಿಟ್ಟು ಸರಿ, ತೀರ್ಮಾನ ಸರಿಯಲ್ಲ. ಆ ಮನೆ ಬಿದ್ದರೆ ಜೋಡಿದಾರರಿಗೆ ನಷ್ಟವಿಲ್ಲ, ಅವರ ಫೋಟೋಗಳಿವೆ, ಕಾಗದಪತ್ರಗಳಿವೆ, ವಂಶವೃಕ್ಷವಿದೆ. ನಮ್ಮ ತಾತನಿಗೆ ಇರುವ ದಾಖಲೆ ಆ ಗೋಡೆಯೊಂದೇ. ಅದನ್ನು ಕೆಡವುವುದು ನಮ್ಮ ಸಾಕ್ಷಿಯನ್ನು ನಾವೇ ನಾಶ ಮಾಡಿಕೊಂಡ ಹಾಗೆ.

4

ನಾವು ಓದಿದ್ದು ಒಂದು ಹಾಸ್ಟೆಲಿನಲ್ಲಿದ್ದುಕೊಂಡು. ಅದೂ ಒಂದು ಹಳೆಯ ಮನೆಯೇ, ಬಾಡಿಗೆಗೆ ಹಿಡಿದದ್ದು. ದಪ್ಪ ಮಣ್ಣಿನ ಗೋಡೆ, ನಡುವೆ ತೊಟ್ಟಿ. ಗೋಡೆಗೆ ಮೊಳಕಾಲುದ್ದ ಸಿಮೆಂಟು, ಅದರ ಮೇಲೆ ಎಣ್ಣೆ ಬಣ್ಣ. ಮಳೆಗಾಲದಲ್ಲಿ ಆ ಗೋಡೆ ಬೆವರುತ್ತಿತ್ತು. ಬಣ್ಣ ಉಬ್ಬಿ ಹಪ್ಪಳದ ಹಾಗೆ ಏಳುತ್ತಿತ್ತು, ಚಾಪೆಗೆ ಬೂಸಲು ಬರುತ್ತಿತ್ತು. ತೊಟ್ಟಿಗೆ ಶೀಟು ಮುಚ್ಚಿ ಅಲ್ಲಿಯೂ ಹಾಸಿಗೆ ಹಾಕಿದ್ದರು, ಒಳಗೆ ಗಾಳಿಯೇ ಇರಲಿಲ್ಲ. ನಲವತ್ತು ಹುಡುಗರಿಗೆ ಎರಡು ನಲ್ಲಿ. ಹಳೇ ಮನೆ ಅಂದರೆ ಹೀಗೇ, ತೇವ, ಕತ್ತಲು ಅಂತ ನಾವು ನಂಬಿದ್ದೆವು. ಈ ರಿಪೇರಿಯಾದ ಮನೆಯನ್ನು ನೋಡಿದ ಮೇಲೆ ಗೊತ್ತಾಯಿತು, ಅದು ಮನೆಯ ಗುಣವಲ್ಲ. ತೊಟ್ಟಿಯ ಬಾಯಿ ತೆರೆದು, ಸಿಮೆಂಟು ಕಿತ್ತು, ಎರಡು ಕೈ ಸುಣ್ಣ ಬಳಿದಿದ್ದರೆ ಆ ಹಾಸ್ಟೆಲಿನಲ್ಲೂ ಹುಡುಗರು ಕೆಮ್ಮದೆ ಓದಬಹುದಿತ್ತು.

ಅಂದರೆ ವಿದ್ಯೆ ಇದೆ, ಕೈಗಳಿವೆ, ಹಳೆಯ ಮನೆಗಳೂ ಇವೆ. ಆ ವಿದ್ಯೆಯೆಲ್ಲ ರಾತ್ರಿಗೆ ಸಾವಿರಗಟ್ಟಲೆ ಕೊಡುವವರ ಮನೆಗೆ ಹೋಗುತ್ತದೆ, ಓದುವ ಮಕ್ಕಳ ಮನೆಗೆ ಬರುವುದಿಲ್ಲ. ಹಳೆಯ ಮನೆಯ ಹೊಸ ಬಳಕೆ ಅಂದರೆ ಹೋಟೆಲೇ ಯಾಕಾಗಬೇಕು? ಹಾಸ್ಟೆಲು, ವಾಚನಾಲಯ, ಅಂಗನವಾಡಿ, ದಾಖಲೆಮನೆ ಯಾಕಾಗಬಾರದು?

5

ಯಾವ ಮನೆ ಪಾರಂಪರಿಕ, ಅದನ್ನು ಯಾವುದಕ್ಕೆ ಬಳಸಬಹುದು ಎಂದು ತೀರ್ಮಾನಿಸುವುದು ಪಟ್ಟಿ ಮತ್ತು ಕಾನೂನು. ಮುಂಬಯಿಯಲ್ಲಿ 1995ರ ನಿಯಮಗಳು ಕಟ್ಟಡಗಳನ್ನು ಮೂರು ದರ್ಜೆ ಮಾಡಿದವು. ಒಂದನೇ ದರ್ಜೆಯದನ್ನು ಬಹುಮಟ್ಟಿಗೆ ಮುಟ್ಟುವಂತಿಲ್ಲ. ಎರಡು ಮೂರರಲ್ಲಿ ಒಳಗೆ ಬದಲಾವಣೆ ಮಾಡಿ ಹೊಸ ಬಳಕೆಗೆ ತರಬಹುದು. ಇಂಗ್ಲೆಂಡಿನಲ್ಲಿ ಒಂದು ಮನೆ ಪಟ್ಟಿಗೆ ಸೇರಿದರೆ, ಅದರ ಆವರಣದಲ್ಲಿ 1948ರ ಜುಲೈ 1ಕ್ಕೆ ಮೊದಲಿನಿಂದ ಅದಕ್ಕೆ ಸೇರಿಕೊಂಡಿರುವ ಲಾಯ, ಕೊಟ್ಟಿಗೆ, ಗೋಡೆಗಳಿಗೂ ಕಾನೂನಿನ ರಕ್ಷಣೆ ಸಿಗುತ್ತದೆ. ಅಂದರೆ ಮನೆ ಎಂದರೆ ಮುಂಬಾಗಿಲು ಮಾತ್ರವಲ್ಲ, ಹಿತ್ತಲೂ ಮನೆಯೇ ಎಂದು ಅಲ್ಲಿನ ಕಾನೂನು ಒಪ್ಪಿದೆ.

ಬಾಬಾಸಾಹೇಬರ ಬದುಕಿನಲ್ಲಿ ಮನೆ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. 1917ರಲ್ಲಿ ಬರೋಡೆಗೆ ಕೆಲಸಕ್ಕೆ ಹೋದಾಗ ಅವರಿಗೆ ಬಾಡಿಗೆಗೊಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಜಾತಿ ಮುಚ್ಚಿಟ್ಟು ಉಳಿದುಕೊಂಡರು. ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. 1930ರ ದಶಕದಲ್ಲಿ ಅವರು ದಾದರಿನಲ್ಲಿ ರಾಜಗೃಹ ಕಟ್ಟಿಸಿದರು, ಪುಸ್ತಕಗಳಿಗೆ ಜಾಗ ಬೇಕೆಂದು ಕಟ್ಟಿಸಿದ ಮನೆ ಅದು. 2013ರಲ್ಲಿ ಅದು ಪಾರಂಪರಿಕ ಕಟ್ಟಡವಾಯಿತು. ಕೆಳಗೆ ವಸ್ತುಸಂಗ್ರಹಾಲಯ, ಮೇಲೆ ಅವರ ಕುಟುಂಬದ ವಾಸ. ಮನೆ ಮನೆಯಾಗಿಯೂ ಉಳಿಯಿತು, ಎಲ್ಲರದೂ ಆಯಿತು. 2020ರ ಜುಲೈಯಲ್ಲಿ ಅದರ ಅಂಗಳಕ್ಕೆ ನುಗ್ಗಿ ಹೂವಿನ ಕುಂಡ, ಕಿಟಕಿ ಒಡೆದದ್ದನ್ನೂ ನಾವು ಮರೆತಿಲ್ಲ. ನಮ್ಮ ಪರಂಪರೆಗೆ ಬಳ್ಳಿ ಹಬ್ಬಿಸುವವರಿಲ್ಲ, ಕಲ್ಲೆಸೆಯುವವರಿದ್ದಾರೆ.

ಲಂಡನ್ನಿನ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆಯಲ್ಲಿ ಅವರು ಓದುವಾಗ, 1921-22ರಲ್ಲಿ ಇದ್ದರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡು ವಸ್ತುಸಂಗ್ರಹಾಲಯ ಮಾಡಿತು. ವಾಸದ ಮನೆಯನ್ನು ಹೀಗೆ ಬದಲಿಸಲು ಅನುಮತಿ ಪಡೆದಿರಲಿಲ್ಲ. ನೆರೆಯವರು ದೂರು ಕೊಟ್ಟರು. ವಾಸಕ್ಕಿದ್ದ ಜಾಗ ಕಡಿಮೆಯಾಗುತ್ತದೆ ಎಂದು ಅಲ್ಲಿನ ಕ್ಯಾಮ್ಡೆನ್ ಕೌನ್ಸಿಲ್ 2018ರಲ್ಲಿ ಅನುಮತಿ ನಿರಾಕರಿಸಿತು. 2019ರಲ್ಲಿ ವಿಚಾರಣೆ ನಡೆಯಿತು. 2020ರ ಮಾರ್ಚಿಯಲ್ಲಿ ಬ್ರಿಟಿಷ್ ಸರ್ಕಾರ ಅನುಮತಿ ಕೊಟ್ಟಿತು. ಈ ಪ್ರಕರಣದಿಂದ ನಾವು ಕಲಿಯಬೇಕಾದ್ದಿದೆ. ಹಳೆಯ ಮನೆಯ ಬಳಕೆ ಏನಾಗಬೇಕು ಅನ್ನುವುದು ಒಡೆಯನ ಖಾಸಗಿ ವಿಷಯವಲ್ಲ. ಎಲ್ಲರೆದುರು ಕೇಳಬಹುದಾದ, ವಾದಿಸಬಹುದಾದ ಪ್ರಶ್ನೆ ಅದು. ನಮ್ಮ ಊರುಗಳಲ್ಲಿ ಇಂಥ ವಿಚಾರಣೆಗೆ ನಮ್ಮವರನ್ನು ಕರೆದು ಕೂರಿಸಿ ಕೇಳಿದ್ದನ್ನು ನಾವು ಕಂಡಿಲ್ಲ.

ಸಂವಿಧಾನದ 49ನೇ ವಿಧಿ ಚಾರಿತ್ರಿಕ ಸ್ಮಾರಕಗಳನ್ನು ಕಾಪಾಡಿ ಅನ್ನುತ್ತದೆ. ಅದೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಹಳೆಯ ಮನೆಗೆ ಕೈ ಹಾಕುವವರು ಎರಡನ್ನೂ ಓದಿಕೊಂಡು ಕೈ ಹಾಕಬೇಕು.

6

ನಾವು ಕೇಳುವುದು ಹೆಚ್ಚೇನಲ್ಲ. ಪಟ್ಟಿಗೆ ಸೇರಿಸುವಾಗ ಮನೆಯ ಮುಂಬಾಗಿಲಿನ ಜೊತೆಗೆ ಹಿತ್ತಲ ಬಾಗಿಲು, ಕೊಟ್ಟಿಗೆ, ಕಕ್ಕಸಿನ ಕಿಂಡಿ ಇವನ್ನೂ ಬರೆಯಿರಿ. ಅಲ್ಲಿ ದುಡಿದವರಲ್ಲಿ ಬದುಕಿರುವವರನ್ನು ಹುಡುಕಿ, ಕೇಳಿ, ದಾಖಲಿಸಿ. ಅವರು ಮುದುಕರಾಗಿದ್ದಾರೆ, ತಡ ಮಾಡಬೇಡಿ. ಸುಣ್ಣ, ಗಾರೆ, ಕಲ್ಲು, ಮರದ ಕೆಲಸದವರಿಗೆ ಕುಶಲಕರ್ಮಿಯ ಕೂಲಿ ಕೊಡಿ, ಕಣ್ಣಿಗೆ ಕೈಗೆ ರಕ್ಷಣೆ ಕೊಡಿ, ಹೆಸರು ಬರೆಸಿ. ಸರ್ಕಾರದ ದುಡ್ಡು ಬಿದ್ದ ಮನೆಯಾದರೆ ಅದರ ಒಂದು ಭಾಗವಾದರೂ ಊರಿನ ಮಕ್ಕಳು ಚಪ್ಪಲಿ ಬಿಟ್ಟು ಸೀದಾ ಒಳಗೆ ಬರುವ ಹಾಗಿರಲಿ. ಕೊಟ್ಟಿಗೆಯನ್ನು ಏನು ಬೇಕಾದರೂ ಮಾಡಿ, ಅಲ್ಲಿ ಪದ್ಯವನ್ನೂ ಓದಿಸಿ, ಆದರೆ ಅದನ್ನು ಕೊಟ್ಟಿಗೆ ಅಂತಲೇ ಕರೆಯಿರಿ.

ಈ ಮಾತುಗಳನ್ನೆಲ್ಲ ಕಾಗದದಲ್ಲಿ ಬರೆದು ಆ ಮನೆಯವರಿಗೆ ಕಳಿಸಿದ್ದೇವೆ. ಇದನ್ನು ಬರೆಯುವ ತನಕ ಉತ್ತರ ಬಂದಿಲ್ಲ. ನಮ್ಮ ಮೇಲೂ ಒಂದು ತಪ್ಪಿದೆ. ಶಾಲು ಹೊದಿಸಿದಾಗ ಹೊದ್ದುಕೊಂಡೆವು, ಬಳೆಗಳ ಕಡೆ ನೋಡಿದರೂ ಕೇಳಲಿಲ್ಲ. ಓದು ಬಂದವರಿಗೆ ಹತ್ತುವ ರೋಗ ಇದು, ಕರೆದರೆ ಸಾಕು ಅನ್ನಿಸಿಬಿಡುತ್ತೆ. ಅದನ್ನು ನಾವು ಒಪ್ಪಿಕೊಳ್ಳುತ್ತೇವೆ.

ಅಜ್ಜಿಗೆ ಆ ಮನೆಯನ್ನು ಇನ್ನೊಂದು ಸಲ ನೋಡಬೇಕಂತೆ. ಕರಕೊಂಡು ಹೋಗ್ತೀವಿ ಅಂದಿದ್ದೇವೆ. "ಯಾವ ಬಾಗಿಲಿಂದ ಹೋಗಬೇಕ್ಲಾ?" ಅಂತ ಕೇಳಿದಳು. ಮುಂದಿನ ಬಾಗಿಲಿಂದ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಆ ಕಡೆ ದಾರಿ ಗೊತ್ತಿಲ್ಲ ಕಣಪ್ಪ" ಅಂದಳು.

ಗೆಳೆಯರೆ, ನಿಮ್ಮ ಊರುಗಳಲ್ಲೂ ಇಂಥ ಮನೆಗಳಿವೆ. ಕೆಲವು ಬೀಳುತ್ತಿವೆ, ಕೆಲವಕ್ಕೆ ಸುಣ್ಣ ಹೊಡೆಯುತ್ತಿದ್ದಾರೆ. ಅವುಗಳ ಹಿತ್ತಲ ಬಾಗಿಲಿಂದ ಹೋಗಿ ಬಂದವರು ನಿಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ. ಕೇಳಿದ್ದನ್ನು ಬರೆದು ಈ ಪತ್ರಿಕೆಗೆ ಕಳಿಸಿ.